ಈಜುಕೊಳದಲ್ಲಿ ಈಗ ಎಷ್ಟು ಜನ ಇದ್ದಾರೆಂದು ತಿಳಿಯುವುದು ಹೇಗೆ? ಟಿಕೆಟ್ ಲೆಕ್ಕ ಸಾಲದೇ?

ಸಾಲದು. ಟಿಕೆಟ್ ಎಷ್ಟು ಜನ ಬಂದರೆಂದು ಹೇಳುತ್ತದೆ, ಎಷ್ಟು ಜನ ಹೋದರೆಂದಲ್ಲ. ಹೊರಹೋಗುವವರನ್ನೂ ಎಣಿಸಬೇಕು.

ದಾಟುವವರನ್ನು ಎಣಿಸಲು ಬಾಗಿಲಲ್ಲಿ ಒಂದೇ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ) ಕಿರಣವಿದ್ದರೆ ದಿಕ್ಕು ಗೊತ್ತಾಗದು. ಅಕ್ಕಪಕ್ಕ ನಡೆದ ಇಬ್ಬರು ಒಬ್ಬರಾಗುತ್ತಾರೆ, ಸೊಂಟದ ಮೇಲಿನ ಮಗು ಲೆಕ್ಕಕ್ಕೇ ಸಿಗದು. ಮೇಲಿನಿಂದ ನೇರ ಕೆಳಕ್ಕೆ ನೋಡುವ ತ್ರೀಡಿ ಸೆನ್ಸರ್ (ಎತ್ತರ, ಆಕಾರ ಅಳೆಯುವ ಸಾಧನ) ವಾಸಿ. ಅದನ್ನು ಒಣಗಿದ ಪ್ರವೇಶದ್ವಾರದಲ್ಲೇ ಹಾಕಿ. ಕೊಳದ ಪಕ್ಕದಲ್ಲಾದರೆ ತೇವಕ್ಕೆ ಲೆನ್ಸ್ ಮಂಜಾಗುತ್ತದೆ.

ಎಣಿಕೆಯ ತಪ್ಪು ಕೂಡುತ್ತಲೇ ಹೋಗುತ್ತದೆ. 500 ಜನ ಬಂದು, ಹೋದವರಲ್ಲಿ 2% ತಪ್ಪಿಹೋದರೆ, ಸಂಜೆ ಖಾಲಿ ಕಟ್ಟಡದಲ್ಲಿ 10 ಜನ ಉಳಿದಂತೆ ಕಾಣುತ್ತದೆ. ಕಟ್ಟಡ ಖಾಲಿಯೆಂದು ಕಣ್ಣಾರೆ ನೋಡಿ, ದಿನವೂ ಸೊನ್ನೆಗೆ ತನ್ನಿ. ನಡುವೆ ಎರಡು ಸಲ ತಲೆ ಎಣಿಸಿ ಸರಿಪಡಿಸಿ.

ನೀರಿನಲ್ಲಿರುವವರ ಸಂಖ್ಯೆ ಬೇರೆಯೇ. ಅದಕ್ಕೆ ಜೀವರಕ್ಷಕರ ಕಣ್ಣೆಣಿಕೆಯೇ ಬೇಕು. ಯಂತ್ರದ ಅಂಕಿ ನೋಡಿ ಕಾವಲು ಸಡಿಲಿಸಬೇಡಿ.