ಫ್ರಾನ್ಸ್‌ನ ಪೆಟ್ರೋಲ್, ಡೀಸೆಲ್ ತೆರಿಗೆ ಹೋರಾಟಗಾರರು ಹಳದಿ ಜಾಕೆಟ್ ಹಾಕಿದ್ದು ಯಾಕೆ?

ಆ ಜಾಕೆಟ್ ಎಲ್ಲರ ಕಾರಿನಲ್ಲೂ ಮೊದಲೇ ಇತ್ತು, ಅಷ್ಟೇ. ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಹಾಕಿಕೊಳ್ಳಲು ಅದನ್ನು ಇಟ್ಟುಕೊಂಡಿರಲೇಬೇಕು ಅಂತ ಅಲ್ಲಿ 2008ರಿಂದ ಕಾನೂನಿದೆ. 2018ರ ನವೆಂಬರ್ 17ರಂದು ಜನ ಅದನ್ನೇ ತೊಟ್ಟು, ಊರಾಚೆಯ ಸರ್ಕಲ್‌ಗಳಲ್ಲಿ ರಸ್ತೆ ತಡೆದರು.

2019ರ ಜನವರಿಯಿಂದ ತೆರಿಗೆ ಲೀಟರ್ ಡೀಸೆಲ್‌ಗೆ ಸುಮಾರು 6.5 ಸೆಂಟ್, ಪೆಟ್ರೋಲ್‌ಗೆ 2.9 ಸೆಂಟ್ ಏರಬೇಕಿತ್ತು. ಪ್ಯಾರಿಸ್‌ನವರಿಗೆ ಮೆಟ್ರೋ ಇದೆ. ಹಳ್ಳಿಯವರು ಕೆಲಸಕ್ಕೆ, ಆಸ್ಪತ್ರೆಗೆ ಕಾರಲ್ಲೇ ಹೋಗಬೇಕು. ಅವರಿಗೆ ಸಿಟ್ಟು ಬರದೇ ಇರುತ್ತಾ? ಸಾಲದ್ದಕ್ಕೆ 2018ರ ಆರಂಭದಲ್ಲೇ ಅಧ್ಯಕ್ಷ ಮ್ಯಾಕ್ರನ್ ಅವರ ಸರ್ಕಾರ ಶ್ರೀಮಂತರ ಸಂಪತ್ತಿನ ತೆರಿಗೆ ಕಡಿಮೆ ಮಾಡಿತ್ತು. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

2018ರ ಡಿಸೆಂಬರ್‌ನಲ್ಲಿ ಸರ್ಕಾರ ಏರಿಕೆಯನ್ನು ಕೈಬಿಟ್ಟಿತು. ಜನ ಮಾತ್ರ ತಿಂಗಳುಗಟ್ಟಲೆ ಶನಿವಾರ ಶನಿವಾರ ಬೀದಿಗಿಳಿಯುತ್ತಲೇ ಇದ್ದರು.