ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು: ರ‍್ಯಾಮ್ ಬಿಡಿ, ಬ್ಯಾಟರಿ ನೋಡಿ

ಕಾಪುವಿನಿಂದ ಬರೆದವರಿಗೆ: ತಂದೆಯವರ ಅಂಗಡಿಯ ಲೆಕ್ಕದ ಹಳೆಯ 486 ಕಂಪ್ಯೂಟರನ್ನು ಅಟ್ಟದಿಂದ ಇಳಿಸಿದ್ದೀರಿ. ಫ್ಯಾನ್ ತಿರುಗುತ್ತದೆ, ಬೀಪ್ ಇಲ್ಲ, ಪರದೆಯಲ್ಲಿ ಏನೂ ಇಲ್ಲ. ಮೂರು ದಿನಗಳಿಂದ ರ‍್ಯಾಮ್ ಸ್ಟಿಕ್‌ಗಳನ್ನು ಒಂದೊಂದಾಗಿ ಹಾಕಿ ಸ್ವಿಚ್ ಒತ್ತಿ ನೋಡುತ್ತಿದ್ದೇನೆ ಎಂದಿದ್ದೀರಿ. ಮಾರಾಯರೇ, ಮೊದಲು ಆ ಸ್ವಿಚ್‌ನಿಂದ ಕೈ ತೆಗೆಯಿರಿ.

ನೀವು ಹಾಕಿದ ಚಿತ್ರದಲ್ಲಿರುವುದು 30 ಪಿನ್ನಿನ ಸ್ಟಿಕ್. ಒಂದಕ್ಕೆ 8 ಬಿಟ್, 486 ಕೇಳುವುದು 32. ನಾಲ್ಕೂ ಒಂದೇ ಬ್ಯಾಂಕಿನಲ್ಲಿ, ಅಂದರೆ ಒಟ್ಟಿಗೆ ಕೆಲಸ ಮಾಡುವ ಸ್ಲಾಟುಗಳ ಗುಂಪಿನಲ್ಲಿ, ಕೂತರೆ ಮಾತ್ರ ಕೆಲಸ. ಒಂದನ್ನೇ ಹಾಕಿದರೆ ಹೊಚ್ಚಹೊಸ ಮದರ್‌ಬೋರ್ಡಿನಲ್ಲೂ ಪರದೆ ಬೆಳಗುವುದಿಲ್ಲ. ಅಲ್ಲಿಗೆ ನಿಮ್ಮ ಪರೀಕ್ಷೆ ಏನನ್ನೂ ಹೇಳಲಿಲ್ಲ. ಬೀಪ್ ಇಲ್ಲ ಎನ್ನುವ ಮೊದಲು ಕ್ಯಾಬಿನೆಟ್ಟಿನ ಸ್ಪೀಕರ್ ತಂತಿ ಬೋರ್ಡಿಗೆ ಸಿಕ್ಕಿಸಿದೆಯೇ ನೋಡಿದ್ದೀರಾ? ಹೆಚ್ಚಿನವರು ನೋಡುವುದಿಲ್ಲ.

ಈಗ ಮುಖ್ಯ ವಿಷಯ. ಕೀಬೋರ್ಡ್ ಸಾಕೆಟ್‌ನ ಪಕ್ಕದಲ್ಲಿ ಪೀಪಾಯಿ ಆಕಾರದ, 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸಾಮಾನ್ಯವಾಗಿ ಇರುತ್ತದೆ. ವಾರ್ಟಾ ಎಂದು ಬರೆದದ್ದು ಹೆಚ್ಚು ಕಾಣಸಿಗುತ್ತದೆ. ಹೆಸರು ಯಾವುದಾದರೂ ಇಷ್ಟು ವರ್ಷಕ್ಕೆ ಅದು ಹೆಚ್ಚಾಗಿ ಸೋರಿಯೇ ಇರುತ್ತದೆ. ಬ್ಯಾಟರಿ ಸುಮ್ಮನೆ ಸತ್ತಿದ್ದರೆ ಸಾಮಾನ್ಯವಾಗಿ ಪರದೆ ಬಂದು ದಿನಾಂಕದ ದೂರು ಹೇಳುತ್ತದೆ, ಅಷ್ಟೆ. ಸೋರಿದ್ದರೆ ಕಥೆ ಬೇರೆ. ಒಳಗಿನ ಕ್ಷಾರ ಹಸಿರು ಲೇಪದ ಅಡಿಯಲ್ಲಿ ಹರಿದು ತಾಮ್ರದ ಗೆರೆಗಳನ್ನು ತಿನ್ನುತ್ತದೆ. ನೀವು ಸ್ವಿಚ್ ಹಾಕಿದಾಗಲೆಲ್ಲ ಬೋರ್ಡ್ ಆ ಹಾಳು ಬ್ಯಾಟರಿಯನ್ನೇ ಚಾರ್ಜ್ ಮಾಡಲು ಹೋಗುತ್ತದೆ. ಸಮುದ್ರದ ಉಪ್ಪುಗಾಳಿ ಬೇರೆ.

ಸುರತ್ಕಲ್‌ನ ಪರಿಚಿತರೊಬ್ಬರ 386 ಬೋರ್ಡ್ ಬಂದಾಗ ಮೇಲ್ನೋಟಕ್ಕೆ ಸ್ವಚ್ಛವಾಗಿತ್ತು. ಬ್ಯಾಟರಿ ಕತ್ತರಿಸಿ ತೆಗೆದರೆ ಕೆಳಗೆ ನೀಲಿಹಸಿರು ಹುಡಿ, ಬೆಸುಗೆ ಎಲ್ಲ ಮಾಸಿ ಬೂದಿ ಬಣ್ಣ. ಕೀಬೋರ್ಡ್ ಕಂಟ್ರೋಲರ್ ಚಿಪ್ಪಿಗೆ ಹೋಗುವ ಒಂದು ಗೆರೆ ಲೇಪದೊಳಗೆ ಕಪ್ಪಾಗಿತ್ತು. ಸೂಜಿಯ ತುದಿ ತಾಗಿಸಿದ್ದೇ ತಡ, ಉದುರಿ ಹೋಯಿತು. ಆ ಚಿಪ್ ಉತ್ತರ ಕೊಡದಿದ್ದರೆ ಯಂತ್ರವನ್ನು ಎಬ್ಬಿಸುವ ಎಷ್ಟೋ ಬಯೋಸ್‌ಗಳು ಪರದೆಯ ತನಕ ಬರುವುದೇ ಇಲ್ಲ. ಅವರು ಅದಕ್ಕೆ ಪರದೆಗೆ ಚಿತ್ರ ಕಳಿಸುವ ವಿಜಿಎ ಕಾರ್ಡ್ ಮೂರು ಕೊಂಡಿದ್ದರು! ಕೂದಲೆಳೆಯ ಎನಾಮಲ್ ತಂತಿಯಿಂದ ಆ ಗೆರೆ ಜೋಡಿಸಿದ ಮೇಲೆ ಮೆಮೊರಿಯ ಲೆಕ್ಕ ಟಿಕ್ ಟಿಕ್ ಎಂದು ಏರತೊಡಗಿತು.

ಹಾಗಾಗಿ ಬ್ಯಾಟರಿ ಕತ್ತರಿಸಿ. ಕನ್ನಡಕ ಹಾಕಿಕೊಳ್ಳಿ, ಆ ಹುಡಿಯನ್ನು ಊದಬೇಡಿ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬಿಳಿ ವಿನೆಗರ್ ಹಚ್ಚಿ ತಿಕ್ಕಿ; ಕ್ಷಾರಕ್ಕೆ ಆಮ್ಲವೇ ಮದ್ದು. ಹುಣಸೆ ಹುಳಿ ಬೇಡ, ಬೋರ್ಡ್ ಎಂದರೆ ದೇವರ ದೀಪವಲ್ಲ. ಬಳಿಕ ಡಿಸ್ಟಿಲ್ಡ್ ನೀರು, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್. ಆಟಿಯ ಮಳೆಯಲ್ಲಿ ಬಿಸಿಲಿಗೆ ಕಾಯಬೇಡಿ, ರಾತ್ರಿಯಿಡೀ ಫ್ಯಾನಿನಡಿ ಇಡಿ. ಆಮೇಲೆ ಮಲ್ಟಿಮೀಟರ್ ಹಿಡಿದು ಒಂದೊಂದೇ ಗೆರೆಯ ಎರಡು ತುದಿ ಮುಟ್ಟಿಸಿ, ಎಲ್ಲಿ ಕಡಿದಿದೆ ನೋಡಿ. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಹೊಳೆಯುವ ತನಕ ಕೆರೆದು, ಬೆಸುಗೆ ಹಿಡಿಸುವ ಫ್ಲಕ್ಸ್ ಹಚ್ಚಬೇಕು. ಸೋಲ್ಡ್ರಾನ್ ಕಂಪನಿಯ 25 ವ್ಯಾಟಿನ ಸೋಲ್ಡರಿಂಗ್ ಐರನ್ ಧಾರಾಳ ಸಾಕು, ದುಬಾರಿ ಸ್ಟೇಷನ್ ಬೇಕಿಲ್ಲ.

ಬ್ಯಾಟರಿಯ ಜಾಗಕ್ಕೆ ಸಿಆರ್2032 ಬಿಲ್ಲೆ ಬ್ಯಾಟರಿಯನ್ನು ನೇರವಾಗಿ ಬೆಸೆಯಬೇಡಿ. ಬೋರ್ಡ್ ಅದನ್ನೂ ಚಾರ್ಜ್ ಮಾಡಲು ಹೋಗುತ್ತದೆ, ಲಿಥಿಯಂ ಬಿಲ್ಲೆ ಅದನ್ನು ತಡೆಯದು. ನಡುವೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರಲೇಬೇಕು. ಹೊರಬ್ಯಾಟರಿಗೆ ನಾಲ್ಕು ಪಿನ್ನಿನ ಜಾಗವಿದ್ದರೆ ಅದೇ ಒಳ್ಳೆಯದು, ಪಿನ್ನುಗಳನ್ನು ಜೋಡಿಸುವ ಪುಟ್ಟ ಜಂಪರ್ ಬದಲಿಸಲು ಮರೆಯಬೇಡಿ.

ವಿದ್ಯುತ್ ಕನೆಕ್ಟರ್‌ಗಳಾದ ಪಿ8, ಪಿ9 ಮತ್ತೆ ಸಿಕ್ಕಿಸುವಾಗ ಕಪ್ಪು ತಂತಿಗಳು ನಡುವೆ ಒಂದಕ್ಕೊಂದು ತಾಗಿರಬೇಕು. ತಿರುವುಮುರುವಾದರೆ ಈ ಉತ್ತರವನ್ನು ಮುಂದೆ ಓದುವ ಅಗತ್ಯವಿಲ್ಲ. ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ಹಿಂದಿನ ಕೆಂಪು ಸ್ವಿಚ್ 230 ವೋಲ್ಟಿನಲ್ಲೇ ಇದೆಯೇ ನೋಡಿ, ಒರೆಸುವಾಗ ಅದು ಸರಿದಿರುವುದುಂಟು.

ನಿಮ್ಮ ಪ್ರಶ್ನೆಗೆ ನನಗಿಂತ ಮೊದಲು ಉತ್ತರಿಸಿದವರಲ್ಲಿ ಒಬ್ಬರು ಕಾರ್ಡಿನ ಚಿನ್ನದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಎಂದಿದ್ದಾರೆ, ಇನ್ನೊಬ್ಬರು ಸ್ಲಾಟಿಗೆ ಡಬ್ಲ್ಯುಡಿ-40 ಹೊಡೆಯಿರಿ ಎಂದಿದ್ದಾರೆ. ಎರಡೂ ಬೇಡ. ಚಿನ್ನದ ಲೇಪ ಬಲು ತೆಳು. ಸಾಮಾನ್ಯ ಡಬ್ಲ್ಯುಡಿ-40 ಎಣ್ಣೆಯ ಪೊರೆ ಬಿಟ್ಟು ಧೂಳು ಹಿಡಿಸುತ್ತದೆ. ಅದೇ ಆಲ್ಕೋಹಾಲ್, ಒಂದು ಬಟ್ಟೆ ಸಾಕು. ಪರೀಕ್ಷೆಗೆಂದು ಹಳೆಯ ಐಸಾ (ISA) ಸ್ಲಾಟಿಗೆ ಕೂರುವ ಒಂದು ಟ್ರೈಡೆಂಟ್ ವಿಜಿಎ ಕಾರ್ಡ್ ಎತ್ತಿಟ್ಟುಕೊಳ್ಳಿ. ನಿಧಾನಿ, ಆದರೆ ಜಗಳಗಂಟಿಯಲ್ಲ. ಮಾನಿಟರ್ ಸರಿಯಿದೆಯೇ ಎಂದು ತಿಳಿಯಲು ವಿಜಿಎ ಇರುವ ಹಳೆಯ ಲ್ಯಾಪ್‌ಟಾಪ್‌ಗೆ ಜೋಡಿಸಿ, 640×480ಕ್ಕೆ ಇಳಿಸಿ ನೋಡಿ. ಮಾನಿಟರ್‌ನ ಹಿಂಬದಿ ಮಾತ್ರ ಬಿಚ್ಚಬೇಡಿ, ವಿದ್ಯುತ್ ತಂತಿ ಕಿತ್ತ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.

ಲೆಕ್ಕದ ಫೈಲುಗಳು ಬೇಕಲ್ಲವೇ? ಹಾಗಾದರೆ ಇದೆಲ್ಲ ಮುಗಿಯುವ ತನಕ ಹಾರ್ಡ್ ಡಿಸ್ಕಿನ ಎರಡೂ ಕೇಬಲ್ ಕಳಚಿಡಿ. ಫ್ಲಾಪಿಗಳಲ್ಲಿ ಬೂಷ್ಟು ಕಂಡರೆ ಡ್ರೈವಿಗೆ ತುರುಕಬೇಡಿ, ಹೆಡ್ ಕೊಳೆಯಾಗಿ ಒಳ್ಳೆಯ ಫ್ಲಾಪಿಯೂ ಕೆಡುತ್ತದೆ. ಕಂಪ್ಯೂಟರಿಗೆ ಹೊದಿಸುವ ಪ್ಲಾಸ್ಟಿಕ್ ಹೊದಿಕೆ ತೆಗೆಯಿರಿ, ಅದು ತೇವವನ್ನು ಒಳಗೇ ಕೂಡಿಡುತ್ತದೆ. ಬ್ಯಾಟರಿ ಕತ್ತರಿಸಿದ ಮೇಲೆ ಆ ಮೂಲೆಯ ಚಿತ್ರವನ್ನು ಎರಡೂ ಬದಿಯಿಂದ, ಹಗಲು ಬೆಳಕಿನಲ್ಲಿ ತೆಗೆದು ಹಾಕಿ. ಯಾವ ಗೆರೆ ಎಲ್ಲಿಗೆ ಹೋಗುತ್ತದೆ ಎಂದು ಕೂತು ನೋಡೋಣ.