ಆ ಕ್ಯಾಡಿಲಾಕ್ 1959ರದ್ದೋ, 1960ರದ್ದೋ?

ನೀವು ಕಾರ್ ಶೋದಲ್ಲಿ ನೋಡಿ ಫೋಟೊ ತೆಗೆದ ಆ ಕ್ಯಾಡಿಲಾಕ್ (ಅಮೆರಿಕದ ಐಷಾರಾಮಿ ಕಾರು) 1960ರದ್ದೇ ಇರಬೇಕು. ಅಲ್ಲಿ ಬೋರ್ಡಿನ ಮೇಲೆ 1959 ಅಂತಿತ್ತು, ಆದರೆ ಹಿಂದೆ ಬುಲೆಟ್ ಆಕಾರದ ದೀಪಗಳೇ ಇರಲಿಲ್ಲ ಅಂದಿದ್ದೀರಲ್ಲ, ಅನುಮಾನ ಅಲ್ಲೇ ಬರುತ್ತದೆ. 1959ರ ಕ್ಯಾಡಿಲಾಕ್‌ನ ಹಿಂಬದಿಯ ರೆಕ್ಕೆಗಳು (ಎರಡೂ ಪಕ್ಕ ಮೇಲೆದ್ದ ಚೂಪು ಅಂಚುಗಳು) ಸಿಕ್ಕಾಪಟ್ಟೆ ಎತ್ತರ. ಒಂದೊಂದರಲ್ಲೂ ಬುಲೆಟ್‌ನಂಥ ಎರಡು ಕೆಂಪು ದೀಪ. ಮರುವರ್ಷ ರೆಕ್ಕೆ ತಗ್ಗಿಸಿದರು, ಆ ಜೋಡಿ ದೀಪ ತೆಗೆದರು.

ಮೊದಲು ನಿಮ್ಮ ಫೋಟೊದಲ್ಲಿ ಮುಂದಿನ ಗ್ರಿಲ್ (ಕಾರಿನ ಮುಂಭಾಗದ ಲೋಹದ ಜಾಲರಿ) ನೋಡಿ. ನಡುವೆ ಅಡ್ಡಲಾಗಿ ದಪ್ಪ ಪಟ್ಟಿ ಇದ್ದರೆ 1959, ಇಲ್ಲದಿದ್ದರೆ 1960. ಹಳೇ ಕಾರಲ್ವಾ, ಬಿಡಿಭಾಗ ಬದಲಾಗಿರಲೂಬಹುದು, ಹಾಗಾಗಿ ಇಷ್ಟರಿಂದಲೇ ಖಚಿತವಾಗಿ ಹೇಳಲಾರೆ. ಮಾಲೀಕರು ಮತ್ತೆ ಸಿಕ್ಕರೆ ಸೀರಿಯಲ್ ನಂಬರಿನ ಮೊದಲ ಎರಡು ಅಂಕಿ ಕೇಳಿ. 59 ಅಥವಾ 60, ಅದೇ ಮಾಡೆಲ್ ವರ್ಷ.